‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ – ಮಕ್ಕಳ ಕಾರ್ಟೂನಿನಲ್ಲಿ ದೊಡ್ಡವರ ಲೆಕ್ಕಾಚಾರ

ಮಲ್ಲಿಗೆ_ಚಹಾ, ಮೈಸೂರು

ಎಲ್ಲರಿಗೂ ನಮಸ್ಕಾರ. ನಲವತ್ತರ ಹತ್ತಿರ ಬಂದಮೇಲೆ ಈ ಸರಣಿಯನ್ನು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಬಿಡದೆ ನೋಡಿ ಮುಗಿಸಿದೆ. ಮನೆಯಲ್ಲಿ ಚಿಕ್ಕಮಕ್ಕಳಿಲ್ಲ. ಯಾರ ಜೊತೆಗೋ ಕೂತು ನೋಡಿದ್ದಲ್ಲ, ನನಗೆ ಬೇಕಾಗಿಯೇ ನೋಡಿದ್ದು. ಮನಸ್ಸು ತುಂಬಿಬಂದಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ನೋಡದವರಿಗಾಗಿ ನಾಲ್ಕು ಮಾತು. ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್ಕೊ ಸೇರಿ ಕಟ್ಟಿದ ಸರಣಿ ಇದು. ಅಮೆರಿಕದ ನಿಕಲೋಡಿಯನ್ ಚಾನೆಲ್‌ನಲ್ಲಿ 2005ರ ಫೆಬ್ರುವರಿಯಿಂದ 2008ರ ಜುಲೈವರೆಗೆ ಮೂರು ಭಾಗಗಳಲ್ಲಿ, ಒಟ್ಟು 61 ಕಂತು ಬಂತು. ಆ ಲೋಕದಲ್ಲಿ ನಾಲ್ಕು ನಾಡು: ನೀರಿನದು, ಮಣ್ಣಿನದು, ಬೆಂಕಿಯದು, ಗಾಳಿಯದು. ಒಂದೊಂದು ನಾಡಿನ ಕೆಲವರಿಗೆ ತಮ್ಮ ತಮ್ಮ ಭೂತವನ್ನು ಕೈಕಾಲ ಚಲನೆಯಿಂದ ಆಡಿಸುವ ವಿದ್ಯೆ ಇರುತ್ತದೆ. ನಾಲ್ಕನ್ನೂ ಬಲ್ಲವನು ಅವತಾರ್ ಒಬ್ಬನೇ, ಅವನು ಸತ್ತು ಮತ್ತೆ ಹುಟ್ಟಿ ಬರುತ್ತಾನೆ. ಈ ಸಲದ ಅವತಾರ್ ಆಂಗ್ ಎನ್ನುವ ಹನ್ನೆರಡು ವರ್ಷದ ಹುಡುಗ. ನೂರು ವರ್ಷ ಹಿಮದೊಳಗೆ ಹೂತುಹೋಗಿದ್ದು ಎಚ್ಚರಾಗುವ ಹೊತ್ತಿಗೆ ಬೆಂಕಿ ನಾಡು ಯುದ್ಧ ಹೂಡಿ ನೂರು ವರ್ಷವಾಗಿದೆ, ಅವನ ಗಾಳಿ ಕುಲದಲ್ಲಿ ಒಬ್ಬರೂ ಉಳಿದಿಲ್ಲ.

ಕಾಲೇಜಿನಲ್ಲಿದ್ದಾಗ ಅಲ್ಲೊಂದು ಇಲ್ಲೊಂದು ಕಂತು ನೋಡಿದ್ದೆ. ಆಗ ನೆನಪಲ್ಲಿ ಉಳಿದದ್ದು ಕಾಳಗಗಳು, ಹಾರುವ ಕಾಡೆಮ್ಮೆ ಆಪಾ, ಆಂಗ್‌ನ ಗೆಳೆಯ ಸೊಕ್ಕಾನ ತಮಾಷೆ. ಈ ಸಲ ಕಣ್ಣು ಹೋದದ್ದೆಲ್ಲ ದೊಡ್ಡವರ ಕಡೆಗೆ. ಯುದ್ಧ ಶುರುಮಾಡಿದವರು ದೊಡ್ಡವರು. ಅದನ್ನು ಕಂಡೂ ಬಾಗಿಲು ಹಾಕಿಕೊಂಡವರು ದೊಡ್ಡವರು. ಬಾ ಸಿಂಗ್ ಸೇ ಎಂಬ ಮಹಾನಗರದ ಗೋಡೆಯೊಳಗೆ ಕೂತು ‘ಇಲ್ಲಿ ಯುದ್ಧವೇ ಇಲ್ಲ’ ಎಂದು ಜನರ ಬಾಯಲ್ಲಿ ಹೇಳಿಸುವವರೂ ಅವರೇ. ಸರಿಪಡಿಸುವ ಹೊಣೆ ಮಾತ್ರ ಹನ್ನೆರಡರಿಂದ ಹದಿನಾರರ ಒಳಗಿನ ಐದು ಮಕ್ಕಳ ಹೆಗಲ ಮೇಲೆ. ಮಕ್ಕಳಿಗಾಗಿ ಮಾಡಿದ ಈ ಸರಣಿ ದೊಡ್ಡವರನ್ನು ಎದುರು ನಿಲ್ಲಿಸಿ ಲೆಕ್ಕ ಕೇಳುತ್ತದೆ. ನನ್ನನ್ನು ಹಿಡಿದು ಕೂರಿಸಿದ್ದು ಅದೇ.

ಐರೋ ಮಾವನ ವಿಷಯ ತಗೊಳ್ಳಿ. (ಆಂಗ್‌ನನ್ನು ಹಿಡಿಯಲು ಬೆನ್ನಟ್ಟುವ ಬೆಂಕಿ ನಾಡಿನ ರಾಜಕುಮಾರ ಝೂಕೊಗೆ ಅವನು ದೊಡ್ಡಪ್ಪ. ಆದರೂ ನಮ್ಮ ಮನೆಯಲ್ಲಿ ಎಲ್ಲರೂ ‘ಐರೋ ಮಾವ’ ಅನ್ನುತ್ತೇವೆ.) ಮೊದಲ ಭಾಗದಲ್ಲಿ ಅವನು ಚಹಾ ಕುಡಿಯುತ್ತಾ, ನಿದ್ದೆ ಮಾಡುತ್ತಾ, ನಗಿಸುತ್ತಾ ಇರುವ ಹೊಟ್ಟೆ ಡೊಳ್ಳಿನ ಮುದುಕ. ಆಮೇಲೆ ಗೊತ್ತಾಗುತ್ತದೆ, ಬಾ ಸಿಂಗ್ ಸೇ ನಗರಕ್ಕೆ 600 ದಿನ ಮುತ್ತಿಗೆ ಹಾಕಿ ಕೂತಿದ್ದ ಸೇನಾಪತಿ ಇವನೇ ಎಂದು. ಹೊರಗೋಡೆ ಒಡೆದಿತ್ತು, ಗೆಲುವು ಕಣ್ಣೆದುರಿಗಿತ್ತು. ಅದೇ ಯುದ್ಧದಲ್ಲಿ ಮಗ ಲು ಟೆನ್ ಸತ್ತ. ಮುತ್ತಿಗೆ ಬಿಟ್ಟು ಎದ್ದು ಬಂದ. ಎಷ್ಟು ಮನೆಯ ಮಕ್ಕಳನ್ನು ಅವನ ಸೇನೆ ಕೊಂದಿತ್ತೋ ಸರಣಿ ಲೆಕ್ಕ ಕೊಡುವುದಿಲ್ಲ. ಲೆಕ್ಕ ಅವನ ಮುಖದಲ್ಲಿದೆ.

‘ದಿ ಸ್ಟಾರ್ಮ್’ ಕಂತಿನಲ್ಲಿ ಝೂಕೊನ ಸುಟ್ಟ ಮುಖದ ಕತೆ ಬರುತ್ತದೆ. ಹೊಸದಾಗಿ ಸೇರಿದ ಸೈನಿಕರನ್ನು ಬೇಕೆಂದೇ ಬಲಿಕೊಡುವ ಯೋಜನೆಯನ್ನು ಹದಿಮೂರರ ಹುಡುಗ ಸಭೆಯಲ್ಲಿ ವಿರೋಧಿಸುತ್ತಾನೆ. ಶಿಕ್ಷೆಯಾಗಿ ಹೆತ್ತ ಅಪ್ಪನೇ ಎಲ್ಲರೆದುರು ಅವನ ಮುಖ ಸುಡುತ್ತಾನೆ. ಆ ಕತೆಯನ್ನು ಹಡಗಿನವರಿಗೆ ಹೇಳುವವನು ಐರೋ. ಆ ಕ್ಷಣ ತಾನು ಮುಖ ತಿರುಗಿಸಿಕೊಂಡೆ ಎಂದು ಹೇಳುತ್ತಾನೆ. ಅಷ್ಟೇ ಮಾತು. ಇಪ್ಪತ್ತರಲ್ಲಿ ಇದನ್ನು ಕೇಳಿದ್ದರೆ ಮುಂದೆ ಹೋಗುತ್ತಿದ್ದೆ. ಈಗ ಅಲ್ಲೇ ನಿಲ್ಲಿಸಿ ಕೂತೆ. ಮನೆಗಳಲ್ಲಿ, ಶಾಲೆಗಳಲ್ಲಿ ಮಗುವಿನ ಮೇಲೆ ಕೈ ಎದ್ದಾಗ ಮುಖ ತಿರುಗಿಸಿಕೊಂಡ ದೊಡ್ಡವರು ನಮ್ಮ ನಡುವೆ ಎಷ್ಟು ಜನ! ಐರೋ ಆ ಹುಡುಗನ ಜೊತೆ ಹಡಗು ಹತ್ತಿದ್ದು ಅದಕ್ಕೇ ಎಂದು ನನಗನ್ನಿಸುತ್ತದೆ. ಉಳಿದ ಆಯುಷ್ಯವೆಲ್ಲ ಆ ಒಂದು ಕ್ಷಣದ ಸಾಲ ತೀರಿಸುತ್ತಾನೆ.

ನಿಮಗೆಲ್ಲ ದೊಡ್ಡವರಾದ ಮೇಲೆ ಏನು ಕಂಡಿತು? ಬರೆಯಿರಿ.


ಗೆರೆ_ಬಣ್ಣ, ಬೆಂಗಳೂರು

ಮೇಡಂ, ಓದಿ ಖುಷಿಯಾಯಿತು. ನಾನು ಇದೇ ಕೆಲಸದವನು, ಸ್ಟುಡಿಯೊ ಒಂದರಲ್ಲಿ ಅನಿಮೇಷನ್ ಮಾಡುತ್ತೇನೆ. ಹೊಸಬರು ಕೆಲಸಕ್ಕೆ ಸೇರಿದಾಗ ನಾನು ತೋರಿಸುವುದು ಐರೋನ ಆ ಪುಟ್ಟ ಕತೆಯನ್ನೇ, ‘ಟೇಲ್ಸ್ ಆಫ್ ಬಾ ಸಿಂಗ್ ಸೇ’ ಕಂತಿನದು. ಕೆಲವೇ ನಿಮಿಷ. ಸಂತೆಯಲ್ಲಿ ಬುಟ್ಟಿ ಕೊಳ್ಳುತ್ತಾನೆ. ಅಳುವ ಮಗುವಿಗೆ ಹಾಡು ಹೇಳುತ್ತಾನೆ. ದರೋಡೆಗೆ ಬಂದವನಿಗೆ ನಿಲ್ಲುವ ಭಂಗಿ ಸರಿಯಿಲ್ಲವೆಂದು ತಿದ್ದಿ, ಚಹಾ ಕೊಟ್ಟು, ಬದುಕಿನ ಬಗ್ಗೆ ಮಾತಾಡಿಸುತ್ತಾನೆ. ಕೊನೆಗೆ ಗುಡ್ಡ ಹತ್ತಿ ಮರದ ಕೆಳಗೆ ಮಗನ ಚಿತ್ರ ಇಟ್ಟು, ಬೆಳಿಗ್ಗೆ ಮಗುವಿಗೆ ಹಾಡಿದ ಅದೇ ಹಾಡನ್ನು ಮತ್ತೆ ಹಾಡುತ್ತಾನೆ. ಅಂದು ಲು ಟೆನ್ ಹುಟ್ಟಿದ ದಿನ. ಮೊದಲ ಸಲ ಕೇಳಿದಾಗ ಮಗುವನ್ನು ರಮಿಸುವ ಹಾಡಾಗಿದ್ದದ್ದು ಎರಡನೇ ಸಲಕ್ಕೆ ಯುದ್ಧದಿಂದ ಮನೆಗೆ ಬಾರದ ಹುಡುಗನ ಹಾಡಾಗಿಬಿಡುತ್ತದೆ. ಒಂದು ಅಕ್ಷರವೂ ಬದಲಾಗಿರುವುದಿಲ್ಲ.

ಐರೋಗೆ ದನಿ ಕೊಟ್ಟ ಮಾಕೊ ಜಪಾನಿನ ಕೋಬೆಯಲ್ಲಿ ಹುಟ್ಟಿದವರು, ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದ ನಟ. ಅಮೆರಿಕದಲ್ಲಿ ಏಷ್ಯಾ ಮೂಲದ ನಟರಿಗೆಂದೇ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ಅವರು ತೀರಿಕೊಂಡದ್ದು 2006ರ ಜುಲೈನಲ್ಲಿ. ಈ ಕಂತು ಬಂದದ್ದು ಅದೇ ಸೆಪ್ಟೆಂಬರಿನಲ್ಲಿ, ಅವರ ಗೌರವಾರ್ಥ ಎಂಬ ಸಾಲಿನೊಂದಿಗೆ. ಮೂರನೇ ಭಾಗದಲ್ಲಿ ಐರೋಗೆ ದನಿ ಕೊಟ್ಟವರು ಗ್ರೆಗ್ ಬಾಲ್ಡ್‌ವಿನ್.

ಇನ್ನು ನನ್ನ ಕಸುಬಿನ ಮಾತು. ಇದರ ಹೊಡೆದಾಟಗಳು ಯಾಕೆ ಅಷ್ಟು ನಿಜವೆನಿಸುತ್ತವೆ ಅಂದರೆ, ಒಂದೊಂದು ವಿದ್ಯೆಗೂ ಚೀನಾದ ಒಂದೊಂದು ಸಮರಕಲೆಯ ಆಧಾರ ಇದೆ. ನೀರಿಗೆ ತಾಯ್ ಚಿ, ಮಣ್ಣಿಗೆ ಹಂಗ್ ಗಾರ್, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಬಾಗುವಾ. ಸಿಫು ಕಿಸು ಎಂಬ ಗುರುಗಳು ಸಲಹೆಗಾರರಾಗಿದ್ದರು. ಹಾಗಾಗಿ ಮಾತಿಗೆ ಮೊದಲೇ ಮೈ ಮಾತಾಡುತ್ತದೆ. ಆಂಗ್ ಯಾವಾಗಲೂ ಸುತ್ತುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ, ಎದುರಾಳಿಗೆ ಎದುರಾಗಿ ನಿಲ್ಲುವುದೇ ಇಲ್ಲ. ಅಂಥವನಿಗೆ ಮಣ್ಣಿನ ವಿದ್ಯೆ ಒಲಿಯುವುದಿಲ್ಲ, ಯಾಕೆಂದರೆ ಅದಕ್ಕೆ ನೆಲಕಚ್ಚಿ ನಿಲ್ಲಬೇಕು. ‘ಬಿಟರ್ ವರ್ಕ್’ ಕಂತು ಪೂರ್ತಿ ಇದರ ಮೇಲೆಯೇ ನಿಂತಿದೆ. ಅದೇ ಕಂತಿನಲ್ಲಿ ಐರೋ ಝೂಕೊಗೆ ಸಿಡಿಲನ್ನು ಮೈಯೊಳಗೆ ಹಾಯಿಸಿ ಹೊರಗೆ ಬಿಡುವ ವಿದ್ಯೆ ಕಲಿಸುತ್ತಾನೆ. ಅದನ್ನು ತಾನು ಕಲಿತದ್ದು ನೀರಿನವರನ್ನು ನೋಡಿ ಎನ್ನುತ್ತಾನೆ. ವೈರಿಯಿಂದ ಕಲಿತ ವಿದ್ಯೆಯಿಂದಲೇ ಕೊನೆಗೆ ಝೂಕೊ ಅಪ್ಪನ ಸಿಡಿಲಿನಿಂದ ಬದುಕಿಕೊಳ್ಳುತ್ತಾನೆ.

ಬರವಣಿಗೆ, ಸ್ಟೋರಿಬೋರ್ಡ್ ಅಮೆರಿಕದಲ್ಲಿ ಆದರೂ ಚಿತ್ರಗಳಿಗೆ ಜೀವ ಬಂದದ್ದು ದಕ್ಷಿಣ ಕೊರಿಯಾದ ಸ್ಟುಡಿಯೊಗಳಲ್ಲಿ. ‘ಲೇಕ್ ಲಾವ್‌ಗಾಯ್’ ಕಂತಿಗೆ ಸಾಂಗ್-ಜಿನ್ ಕಿಮ್ ಅವರಿಗೆ 2007ರ ಎಮ್ಮಿ ಪ್ರಶಸ್ತಿ ಬಂತು. ಹೊರದೇಶದ ಕೆಲಸವನ್ನು ಗುತ್ತಿಗೆಗೆ ಮಾಡುವ ಸ್ಟುಡಿಯೊಗಳು ನಮ್ಮ ಬೆಂಗಳೂರಿನಲ್ಲೂ ಇವೆ. ಅಂಥ ಮೇಜಿನ ಮುಂದೆ ಕೂತ ಕಲಾವಿದನೊಬ್ಬನ ಹೆಸರು ಹೀಗೆ ಮುಂದೆ ಬಂದದ್ದು ನನಗೆ ಬಹಳ ದೊಡ್ಡ ಸಂಗತಿ.


ಮುಂಡಗೋಡ_ಹುಡುಗ, ಉತ್ತರ ಕನ್ನಡ

ನಾನು ಈ ಸರಣಿಯನ್ನು ಬೇರೆ ಕಾರಣಕ್ಕೆ ಹಚ್ಚಿಕೊಂಡವನು. ನಮ್ಮೂರ ಪಕ್ಕದಲ್ಲೇ ಟಿಬೆಟನ್ ಕ್ಯಾಂಪ್. 1966ರಲ್ಲಿ ಶುರುವಾದದ್ದು. ಡ್ರೆಪುಂಗ್, ಗಾಂಡೆನ್ ಎಂಬ ಎರಡು ಮಹಾವಿಹಾರಗಳನ್ನು ಅವರು ಇಲ್ಲಿ ಹೊಸದಾಗಿ ಕಟ್ಟಿಕೊಂಡಿದ್ದಾರೆ. ಬೈಲುಕುಪ್ಪೆಯ ಕ್ಯಾಂಪ್ ಇನ್ನೂ ಹಳೆಯದು, ಆಗಿನ ಮೈಸೂರು ಸರ್ಕಾರ ಜಾಗ ಕೊಟ್ಟದ್ದು. ನನ್ನ ಬಾಲ್ಯದ ತುಂಬ ಕೆಂಪು ಬಟ್ಟೆಯ ಮರಿಸನ್ಯಾಸಿಗಳು. ನಮ್ಮ ಜೊತೆ ಕ್ರಿಕೆಟ್ ಆಡುತ್ತಿದ್ದರು, ಸಂಜೆ ಅಂಗಳದಲ್ಲಿ ಕೈ ಚಪ್ಪಾಳೆ ತಟ್ಟಿ ಜೋರುದನಿಯಲ್ಲಿ ವಾದ ಮಾಡುತ್ತಿದ್ದರು.

ಹಾಗಾಗಿ ಮೂರನೇ ಕಂತು ‘ದಿ ಸದರ್ನ್ ಏರ್ ಟೆಂಪಲ್’ ನೋಡುವಾಗ ನನಗೆ ಅದು ಕಲ್ಪನೆಯ ಲೋಕ ಅನ್ನಿಸಲೇ ಇಲ್ಲ. ಆಂಗ್‌ನ ಗುರುವಿನ ಹೆಸರು ಗ್ಯಾತ್ಸೊ. ದಲೈ ಲಾಮಾ ಅವರ ಹೆಸರೂ ತೆನ್‌ಜಿನ್ ಗ್ಯಾತ್ಸೊ. ಸಾವಿರಾರು ಆಟಿಕೆಗಳ ನಡುವೆ ಹಿಂದಿನ ಅವತಾರ್‌ಗಳ ನಾಲ್ಕೇ ಆಟಿಕೆಗಳನ್ನು ಮಗು ಆಂಗ್ ಆರಿಸುತ್ತಾನೆ, ಹಾಗೆ ಅವನ ಗುರುತು ಸಿಗುತ್ತದೆ. ಎರಡು ವರ್ಷದ ದಲೈ ಲಾಮಾರನ್ನೂ ಹದಿಮೂರನೆಯವರ ವಸ್ತುಗಳನ್ನು ಮುಂದಿಟ್ಟೇ ಗುರುತಿಸಿದ್ದು. ಕ್ಯಾಂಪಿನ ಪ್ರತಿ ಮಗುವಿಗೂ ಗೊತ್ತಿರುವ ಕತೆ ಅದು.

ಆ ಕಂತಿನಲ್ಲಿ ಆಂಗ್ ನಗುತ್ತಾ ಕುಣಿಯುತ್ತಾ ತನ್ನ ಮನೆಗೆ ಹೋಗುತ್ತಾನೆ. ಅಲ್ಲಿ ಸಿಗುವುದು ಗ್ಯಾತ್ಸೊನ ಅಸ್ಥಿಪಂಜರ, ಸುತ್ತ ಬೆಂಕಿ ನಾಡಿನ ಸೈನಿಕರ ಅಸ್ಥಿಪಂಜರಗಳು. ಮಕ್ಕಳ ಚಾನೆಲ್‌ನಲ್ಲಿ, ಅದೂ ಮೂರನೇ ಕಂತಿಗೇ, ಒಂದು ಜನಾಂಗವನ್ನೇ ಅಳಿಸಿದ್ದಾರೆ ಎಂದು ನೇರ ಹೇಳುವ ಧೈರ್ಯ ಅದು. ಮನೆಗೆ ಮರಳಲಾಗದ ಜನರ ನಡುವೆ ಬೆಳೆದ ನನಗೆ ಆಂಗ್‌ನ ನಗುವಿನ ಹಿಂದೆ ಏನಿದೆ ಎಂದು ಬೇಗ ಅರ್ಥವಾಯಿತು. ಕ್ಯಾಂಪಿನ ಮುದುಕರೂ ಹೀಗೇ ನಗುತ್ತಾರೆ. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಬರುವ ಅಮ್ಮಂದಿರು ಚೌಕಾಶಿ ಮಾಡುತ್ತಲೇ ನಗಿಸುತ್ತಾರಲ್ಲ, ಹಾಗೆ.


ಕಡಲ_ಕರೆ, ಉಡುಪಿ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಹಾಗಾಗಿ ನನಗೆ ‘ದಿ ಹೆಡ್‌ಬ್ಯಾಂಡ್’ ಕಂತಿನ ಬಗ್ಗೆ ಹೇಳಲೇಬೇಕು. ಆಂಗ್ ವೇಷ ಮರೆಸಿಕೊಂಡು ಬೆಂಕಿ ನಾಡಿನ ಶಾಲೆಗೆ ಹೋಗುತ್ತಾನೆ. ಗಾಳಿ ನಾಡಿನ ಸೇನೆಯನ್ನು ಸೋಝಿನ್ ಮಹಾರಾಜರು ಸೋಲಿಸಿದ್ದು ಯಾವಾಗ ಎಂದು ಟೀಚರ್ ಪ್ರಶ್ನೆ ಕೇಳುತ್ತಾರೆ. ಗಾಳಿಯವರಿಗೆ ಸೇನೆಯೇ ಇರಲಿಲ್ಲವಲ್ಲ ಎಂದು ಆಂಗ್ ಅನ್ನುತ್ತಾನೆ. ನಿನಗೇನು ಗೊತ್ತು, ನೀನೇನು ಅಲ್ಲಿದ್ದೆಯಾ ಎನ್ನುವ ಧಾಟಿಯಲ್ಲಿ ಅವನ ಬಾಯಿ ಮುಚ್ಚಿಸುತ್ತಾರೆ. ಅವನು ಅಲ್ಲಿದ್ದ! ಮಕ್ಕಳು ಆ ಜಾಗದಲ್ಲಿ ನಗುತ್ತಾರೆ. ಪಾಠ ಮಾಡುವ ನನಗೆ ಎದೆ ಧಸಕ್ಕೆಂದಿತು. ಆ ಟೀಚರ್ ಕೆಟ್ಟವರೇನಲ್ಲ, ಪುಸ್ತಕದಲ್ಲಿ ಇದ್ದದ್ದನ್ನು ಶ್ರದ್ಧೆಯಿಂದ ಕಲಿಸುತ್ತಿದ್ದಾರೆ. ಕೊಂದದ್ದನ್ನು ಯುದ್ಧ ಎಂದು ಬರೆದಿಟ್ಟರೆ ಮುಂದಿನ ತಲೆಮಾರು ಒಳ್ಳೆಯ ಮನಸ್ಸಿನಿಂದಲೇ ಸುಳ್ಳು ಕಲಿಯುತ್ತದೆ. ಒಂದು ಪ್ರಶ್ನೆಯಲ್ಲಿ ಅದನ್ನು ತೋರಿಸಿದ್ದಾರೆ.

ಇನ್ನೊಂದು ಕಟಾರಾ, ಸೊಕ್ಕಾನ ತಂಗಿ, ಆಂಗ್‌ನ ಜೊತೆಗಾತಿ. ಇಲ್ಲಿ ಯಾರೂ ಇನ್ನೂ ಅವಳ ಹೆಸರೆತ್ತಿಲ್ಲ, ಬೇಜಾರಾಯಿತು. ‘ದಿ ಸದರ್ನ್ ರೇಡರ್ಸ್’ ಕಂತಿನಲ್ಲಿ ತಾಯಿಯನ್ನು ಕೊಂದವನನ್ನು ಹುಡುಕಿಕೊಂಡು ಹೋಗುತ್ತಾಳೆ. ಮಗಳನ್ನು ಉಳಿಸಲು ಆ ತಾಯಿ, ನೀರಿನ ವಿದ್ಯೆ ಬಲ್ಲವಳು ನಾನೇ ಎಂದು ಸುಳ್ಳು ಹೇಳಿ ಸತ್ತಿದ್ದಳು. ಹುಡುಕಿದಾಗ ಸಿಗುವವನು ರಾಕ್ಷಸನಲ್ಲ. ನಿವೃತ್ತನಾಗಿ, ತಾಯಿಯ ಬೈಗುಳ ತಿನ್ನುತ್ತಾ, ತರಕಾರಿ ಬೆಳೆಯುವ ಪುಕ್ಕಲ ಮುದುಕ. ಮಳೆಯನ್ನು ಗಾಳಿಯಲ್ಲೇ ತಡೆದು, ಹನಿಗಳನ್ನು ಹಿಮದ ಚೂರಿ ಮಾಡಿ ಅವನತ್ತ ಎಸೆದವಳು ಕೂದಲೆಳೆಯ ಅಂತರದಲ್ಲಿ ನಿಲ್ಲಿಸುತ್ತಾಳೆ. ಕ್ಷಮಿಸಿದಳಾ? ಇಲ್ಲ. ಅವನನ್ನು ಕ್ಷಮಿಸಿಲ್ಲ, ಎಂದಿಗೂ ಕ್ಷಮಿಸುವುದೂ ಇಲ್ಲ ಎಂದು ಬಾಯಿಬಿಟ್ಟು ಹೇಳುತ್ತಾಳೆ. ಹೆಣ್ಣುಮಕ್ಕಳಿಗೆ ‘ಮರೆತುಬಿಡು, ಕ್ಷಮಿಸಿಬಿಡು’ ಎಂದು ಹೇಳದ ಮಕ್ಕಳ ಕತೆ ನಾನು ಬೇರೆ ಕಂಡಿಲ್ಲ. ಕೊಲ್ಲದೆ ಬಿಟ್ಟಳು, ಕ್ಷಮಿಸದೆಯೂ ಇದ್ದಳು. ಹದಿನಾಲ್ಕರ ಹುಡುಗಿಗೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಹಕ್ಕು ಕೊಟ್ಟಿದ್ದಾರೆ.


ಹುಬ್ಬಳ್ಳಿ_ಮಂದಿ

ಎಲ್ಲಾರಿಗೂ ಶರಣ್ರೀ. ನಾ ಈ ಸರಣಿ ಭಾಳ ಪ್ರೀತಿಲೆ ನೋಡೇನಿ, ಅದಕ್ಕಽ ಹೇಳ್ತೇನಿ: ಕಡೀ ಕಂತು ನನಗ ಒಪ್ಪಿಗಿ ಆಗಿಲ್ಲ.

ಬೆಂಕಿ ನಾಡಿನ ದೊರಿ, ಝೂಕೊನ ಅಪ್ಪ ಓಝಾಯ್‌ನ ಕೊಲ್ಲಬೇಕೋ ಬ್ಯಾಡೋ ಅಂತ ಆಂಗ್ ತನ್ನ ಹಿಂದಿನ ಜನ್ಮದವರನ್ನ ಕೇಳ್ತಾನ. ರೋಕು, ಕ್ಯೋಶಿ, ಕುರುಕ್, ಯಾಂಗ್‌ಚೆನ್. ಯಾಂಗ್‌ಚೆನ್ ಅಂತೂ ಅವನಂಗಽ ಗಾಳಿ ಕುಲದಾಕಿ. ಆಕಿನೂ ಏನಂತಾಳ? ನಿನ್ನ ಆತ್ಮದ ಚಿಂತಿ ಬಿಡು, ಜಗತ್ತಿನ ಹೊಣಿ ಮೊದಲು ಅನ್ನೂ ಅರ್ಥದಾಗ ಹೇಳ್ತಾಳ. ಎಂಥಾ ಇಕ್ಕಟ್ಟು ನೋಡ್ರಿ! ಮೂರು ಭಾಗ ಕಟ್ಟಿಕೊಂಡು ಬಂದ ಗಂಟು. ಅಷ್ಟರಾಗ ಸಮುದ್ರದಾಗಿಂದ ಒಂದು ಸಿಂಹ-ಆಮಿ ಎದ್ದು ಬಂದು, ಮನಷ್ಯಾನ ಶಕ್ತಿ ಕಿತ್ತುಕೊಳ್ಳೋ ಹೊಸಾ ವಿದ್ಯಾ ಕೊಟ್ಟು ಹೋಗ್ತದ. ಗಂಟು ಬಿಚ್ಚಲಿಲ್ಲ, ಕತ್ತರಿಸಿದ್ರು.

ನಮ್ಮ ಬಾಹುಬಲಿ ಕತಿ ನೆನಸ್ಕೋರಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರೂ ಗೆದ್ದ. ಅಣ್ಣ ಭರತನ್ನ ಎತ್ತಿ ಹಿಡಿದ. ಒಗದಿದ್ರ ಮುಗೀತಿತ್ತು. ಒಗೀಲಿಲ್ಲ, ಮೆತ್ತಗ ಕೆಳಗ ಇಳಿಸಿದ, ಗೆದ್ದ ರಾಜ್ಯನೂ ಬಿಟ್ಟು ನಡದ. ಕೊಲ್ಲದ ಇದ್ದದ್ದಕ್ಕ ಆತ ಬೆಲಿ ಕೊಟ್ಟ. ಆಂಗ್ ಏನು ಕೊಟ್ಟ? ಕೊಲ್ಲಲಿಲ್ಲ, ಗೆದ್ದ, ಪ್ರೀತಿಸಿದ ಹುಡುಗಿನೂ ಸಿಕ್ಕಳು. ಐರೋ, ಝೂಕೊ, ಕಟಾರಾ ಎಲ್ಲಾರೂ ಬೆಲಿ ತೆತ್ತಾರ. ಆಂಗ್‌ಗೊಬ್ಬಗ ಪುಗಸಟ್ಟೆ ಯಾಕ?


ಮಲ್ಲಿಗೆ_ಚಹಾ, ಮೈಸೂರು

ಬಾಹುಬಲಿಯ ಹೋಲಿಕೆ ತುಂಬ ಸರಿಯಾದ ಜಾಗಕ್ಕೆ ತಗುಲಿತು ಸರ್. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಒಂದು ಮಾತ್ರ ಹೇಳುತ್ತೇನೆ. ಎರಡನೇ ಭಾಗದ ‘ದಿ ಗುರು’ ಕಂತಿನಲ್ಲಿ ಪಥಿಕ್ ಎಂಬ ಗುರು ಏಳು ಚಕ್ರಗಳನ್ನು ತೆರೆಸುತ್ತಾನೆ. ಮೂಲಾಧಾರಕ್ಕೆ ಪೃಥ್ವಿ, ಸ್ವಾಧಿಷ್ಠಾನಕ್ಕೆ ಜಲ, ಮಣಿಪೂರಕ್ಕೆ ಅಗ್ನಿ, ಅನಾಹತಕ್ಕೆ ವಾಯು ಎಂಬ ನಮ್ಮ ಯೋಗಶಾಸ್ತ್ರದ ಕ್ರಮವನ್ನೇ ಇಟ್ಟುಕೊಂಡಿದ್ದಾರೆ. ಏಳನೆಯದರಲ್ಲಿ ಕಟಾರಾಳ ಮೇಲಿನ ಮೋಹ ಬಿಡು ಅಂದಾಗ ಆಂಗ್ ಬಿಡಲಾರದೆ ಎದ್ದು ಓಡುತ್ತಾನೆ. ಆ ಭಾಗದ ಕೊನೆಯಲ್ಲಿ ಬಿಡಲು ಒಪ್ಪುತ್ತಾನೆ, ಒಪ್ಪಿದ ಗಳಿಗೆಯಲ್ಲೇ ಝೂಕೊನ ತಂಗಿ ಅಝೂಲಾಳ ಸಿಡಿಲು ಬೆನ್ನಿಗೆ ಬಡಿದು ಸಾಯುವವನಾಗುತ್ತಾನೆ. ಬೆಲೆ ಅಲ್ಲಿ ತೆತ್ತಿದ್ದಾನೆ ಎಂದು ನನಗನ್ನಿಸುತ್ತದೆ. ಮುಕ್ತಾಯದಲ್ಲಿ ಅದರ ನೆನಪು ಬರಬೇಕಿತ್ತು ಎಂದರೆ ಒಪ್ಪುತ್ತೇನೆ.


ಮುಂಡಗೋಡ_ಹುಡುಗ, ಉತ್ತರ ಕನ್ನಡ

ಹುಬ್ಬಳ್ಳಿ ಅಣ್ಣಾ, ನಾನು ಇದನ್ನು ಬೇರೆ ಕಡೆಯಿಂದ ನೋಡುತ್ತೇನೆ. ಬಾಹುಬಲಿ ಕೊಂದಿದ್ದರೂ ಅವನ ಧರ್ಮ ಲೋಕದಲ್ಲಿ ಉಳಿಯುತ್ತಿತ್ತು, ಪಾಲಿಸುವವರು ಬೇರೆಯವರು ಇದ್ದರು. ಆಂಗ್ ಕೊಂದರೆ? ಗಾಳಿ ಕುಲದವರು ಹೇಗೆ ಬದುಕುತ್ತಿದ್ದರು ಎನ್ನುವುದಕ್ಕೆ ಜಗತ್ತಿನಲ್ಲಿ ಇದ್ದ ಒಂದೇ ಒಂದು ಸಾಕ್ಷಿ ಅವನು. ಜೀವ ತೆಗೆಯಬಾರದು ಎಂಬುದು ಅವನ ಗ್ಯಾತ್ಸೊ ಕೊಟ್ಟ ಪಾಠ. ಅವನು ಮುರಿದರೆ ಬೆಂಕಿ ನಾಡು ನೂರು ವರ್ಷದ ಹಿಂದೆ ಶುರುಮಾಡಿದ ಕೆಲಸ ಅವನ ಕೈಯಿಂದಲೇ ಮುಗಿಯುತ್ತದೆ. ಯಾಂಗ್‌ಚೆನ್ ಹೇಳಿದ ಮಾತು ಅವಳ ಕಾಲಕ್ಕೆ ಸರಿ. ಅವಳ ಹಿಂದೆ ಸಾವಿರಾರು ಭಿಕ್ಷುಗಳಿದ್ದರು, ಇವನ ಹಿಂದೆ ಯಾರೂ ಇಲ್ಲ.

ಕ್ಯಾಂಪಿನಲ್ಲಿ ನೋಡಿ, ನಮ್ಮ ಕಣ್ಣಿಗೆ ಚಿಕ್ಕದೆನಿಸುವ ಆಚಾರವನ್ನೂ ಹಿರಿಯರು ಬಿಡುವುದಿಲ್ಲ. ಬಿಟ್ಟರೆ ಮುಂದೆ ಇನ್ನೆಲ್ಲೂ ಸಿಗುವುದಿಲ್ಲ ಎಂಬ ಭಯ ಅದರ ಹಿಂದಿದೆ. ಅದನ್ನು ನೋಡಿ ಬೆಳೆದ ನನಗೆ ಆಂಗ್‌ನ ಹಟ ಸ್ವಂತ ಪುಣ್ಯದ ಆಸೆಯಂತೆ ಕಾಣುವುದಿಲ್ಲ.


ಗೆರೆ_ಬಣ್ಣ, ಬೆಂಗಳೂರು

ಎರಡು ಸಣ್ಣ ಸೇರ್ಪಡೆ. ಸಿಂಹ-ಆಮೆಯ ಚಿತ್ರವೊಂದು ಎರಡನೇ ಭಾಗದ ‘ದಿ ಲೈಬ್ರರಿ’ ಕಂತಿನಲ್ಲೇ ಹಾದುಹೋಗುತ್ತದೆ. ಬೀಜ ಬಿತ್ತಿದ್ದರು, ನೀರು ಹಾಕಿದ್ದು ಕಡಿಮೆ. ಎರಡನೆಯದು, ಆ ಕೊನೆಯ ದೃಶ್ಯದಲ್ಲಿ ಓಝಾಯ್‌ನ ಕೆಂಬಣ್ಣ ಆಂಗ್‌ನ ನೀಲಿಯನ್ನು ನುಂಗುತ್ತಾ ಬಂದು ಒಂದು ಕಣ್ಣಿನಷ್ಟು ಜಾಗ ಉಳಿಯುತ್ತದೆ. ಸೋತಿದ್ದರೆ ಅವನು ಇಲ್ಲವಾಗುತ್ತಿದ್ದ ಎಂದು ಬಣ್ಣದಲ್ಲೇ ಹೇಳಿದ್ದಾರೆ. ಪುಗಸಟ್ಟೆ ಅಂತ ನಾನು ಹೇಳಲಾರೆ.

ಆದರೆ ನಿಜವಾದ ಮುಕ್ತಾಯ ನನಗೆ ಝೂಕೊ–ಅಝೂಲಾ ಕಾಳಗ. ಅಣ್ಣನ ಕಿತ್ತಳೆ ಬೆಂಕಿ, ತಂಗಿಯ ನೀಲಿ ಬೆಂಕಿ, ಆಕಾಶ ತುಂಬ ಧೂಮಕೇತುವಿನ ಕೆಂಪು. ಜೆರೆಮಿ ಝುಕರ್‌ಮನ್ ಅಲ್ಲಿ ಯುದ್ಧದ ಸಂಗೀತವನ್ನೇ ಹಾಕಿಲ್ಲ. ಸ್ಫೋಟದ ಸದ್ದನ್ನು ತಗ್ಗಿಸಿ, ತಂತಿವಾದ್ಯದ ದುಃಖವನ್ನು ಮೇಲಕ್ಕೆ ತಂದಿದ್ದಾರೆ. ಗೆಲ್ಲಲಿ ಎಂದು ಚಪ್ಪಾಳೆ ತಟ್ಟುವ ಜಾಗದಲ್ಲಿ ಒಂದು ಮನೆ ಉರಿಯುವುದನ್ನು ನೋಡುತ್ತೀರಿ.


ಕಡಲ_ಕರೆ, ಉಡುಪಿ

ಹೌದು, ಅಝೂಲಾ! ಸರಪಳಿಯಲ್ಲಿ ಬಿದ್ದು ಅವಳು ಅಳುವುದನ್ನು ನೋಡಿ ಯಾರಿಗಾದರೂ ಖುಷಿಯಾಗಲು ಸಾಧ್ಯವಾ? ಹದಿನಾಲ್ಕು ವರ್ಷ ಅವಳಿಗೆ. ‘ದಿ ಬೀಚ್’ ಕಂತಿನಲ್ಲಿ, ಸ್ವಂತ ತಾಯಿಯೇ ತನ್ನನ್ನು ರಾಕ್ಷಸಿ ಎಂದುಕೊಂಡಿದ್ದಳು ಎಂದು ಹೇಳಿ ತೇಲಿಸಿಬಿಡುತ್ತಾಳೆ. ಝೂಕೊಗೆ ಐರೋ ಸಿಕ್ಕ. ಈ ಹುಡುಗಿಗೆ ಯಾವ ದೊಡ್ಡವರೂ ಸಿಗಲಿಲ್ಲ. ಅಪ್ಪನಿಗೆ ಅವಳು ಆಯುಧ, ದೊಡ್ಡಪ್ಪನೂ ಅವಳ ಕೈಬಿಟ್ಟ. ಮಲ್ಲಿಗೆಯವರು ಮೊದಲ ಪೋಸ್ಟಿನಲ್ಲಿ ಬರೆದದ್ದು ಐರೋಗೂ ಅನ್ವಯಿಸಬೇಕು. ಅವನು ಒಂದು ಮಗುವಿನಿಂದ ಮುಖ ತಿರುಗಿಸಿದ್ದಕ್ಕೆ ಪಶ್ಚಾತ್ತಾಪ ಪಟ್ಟ, ಇನ್ನೊಂದು ಮಗುವಿನಿಂದ ಕೊನೆಯವರೆಗೂ ಮುಖ ತಿರುಗಿಸಿಕೊಂಡೇ ಇದ್ದ.


ಮಲ್ಲಿಗೆ_ಚಹಾ, ಮೈಸೂರು

ಇದನ್ನು ಓದಿ ಬಹಳ ಹೊತ್ತು ಯೋಚಿಸಿದೆ ಮೇಡಂ. ನನ್ನ ಐರೋ ಮಾವನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ, ಆದರೆ ನೀವು ಹೇಳಿದ್ದು ಅವನ ಪಕ್ಕದಲ್ಲೇ ನಿಂತುಕೊಂಡಿತು.

ಝೂಕೊ ವಿಷಯದಲ್ಲಿ ಒಂದು ಮಾತು ಉಳಿದಿತ್ತು. ಅವನ ಬದಲಾವಣೆಯನ್ನು ನೇರ ಗೆರೆಯಲ್ಲಿ ಎಳೆದಿಲ್ಲ. ‘ಝೂಕೊ ಅಲೋನ್’ ಕಂತಿನಲ್ಲಿ ಹಳ್ಳಿಯೊಂದನ್ನು ಪುಂಡ ಸೈನಿಕರಿಂದ ಕಾಪಾಡುತ್ತಾನೆ. ಅವನು ಬೆಂಕಿ ನಾಡಿನವನೆಂದು ತಿಳಿದೊಡನೆ ಆ ಹಳ್ಳಿಯೇ ದೂರ ತಳ್ಳುತ್ತದೆ, ಅವನನ್ನು ಮೆಚ್ಚಿಕೊಂಡಿದ್ದ ಪುಟ್ಟ ಹುಡುಗನೂ ದ್ವೇಷಿಸುತ್ತಾನೆ. ಮುಂದೆ ಐರೋನ ಚಹಾ ಅಂಗಡಿಯ ನೆಮ್ಮದಿ ಸಿಕ್ಕಿ, ಇನ್ನು ಸರಿಹೋದ ಅನ್ನುವಷ್ಟರಲ್ಲಿ ತಂಗಿಯ ಪಕ್ಷ ಸೇರಿ ಐರೋನನ್ನೇ ಸೆರೆಗೆ ಕಳಿಸುತ್ತಾನೆ. ನಲವತ್ತು ಕಂತು ನೋಡಿದವರ ಎದೆಗೇ ಒದ್ದ ಹಾಗೆ. ಜನ ಬದಲಾಗುವುದು ನಿಜವಾಗಿಯೂ ಹೀಗೇ, ಎರಡು ಹೆಜ್ಜೆ ಮುಂದೆ ಇಟ್ಟು ಮೂರು ಹಿಂದೆ.

ಮತ್ತೆ ಭೇಟಿಯಾದಾಗ ಝೂಕೊ ಕ್ಷಮೆ ಕೇಳಲು ರಾತ್ರಿಯೆಲ್ಲ ಡೇರೆಯಲ್ಲಿ ಕಾದು ಕೂರುತ್ತಾನೆ. ಮಾತು ಮುಗಿಯುವ ಮೊದಲೇ ಐರೋ ಅವನನ್ನು ಎಳೆದು ಅಪ್ಪಿಕೊಳ್ಳುತ್ತಾನೆ. ನನಗೆ ಸಿಟ್ಟು ಬಂದಿರಲೇ ಇಲ್ಲ, ನೀನು ದಾರಿ ತಪ್ಪಿದೆಯೇನೋ ಎಂದು ದುಃಖವಾಗಿತ್ತು ಎನ್ನುತ್ತಾನೆ. ನಮ್ಮಲ್ಲಿ ಅಪ್ಪಂದಿರು ಮಕ್ಕಳ ಕ್ಷಮಾಪಣೆಯನ್ನು ಹೇಗೆ ಸ್ವೀಕರಿಸುತ್ತಾರೆ ಎಂದು ನೆನೆಸಿಕೊಳ್ಳಿ. ಮೊದಲು ಅರ್ಧ ಗಂಟೆ ಬುದ್ಧಿಮಾತು ಇರುತ್ತದೆ. ಈ ಮನುಷ್ಯ ಒಂದು ವಾಕ್ಯ ಪೂರ್ತಿ ಹೇಳಲೂ ಬಿಡಲಿಲ್ಲ.


ಸ್ಪರ್ಶರೇಖೆ, ದಾವಣಗೆರೆ

ಆಂಗ್‌ಗೆ ಮಣ್ಣಿನ ವಿದ್ಯೆ ಕಲಿಸುವ ಹುಡುಗಿ ಟಾಫ್ ಬಗ್ಗೆ ನಾನು ಬರೆಯುತ್ತೇನೆ. ನನಗೆ ಹುಟ್ಟಿನಿಂದ ದೃಷ್ಟಿ ತೀರಾ ಕಡಿಮೆ. ಟಿವಿಗೆ ಹತ್ತಿರ ಕೂತರೆ ಬಣ್ಣ, ಚಲನೆ ಅಂದಾಜಾಗುತ್ತದೆ, ಉಳಿದದ್ದೆಲ್ಲ ಕಿವಿ. ಈ ಸರಣಿಯ ಸದ್ದುಗಳನ್ನು ಮಾಡಿದ ಬೆಂಜಮಿನ್ ವಿನ್ ಅವರಿಗೆ ನಾನು ಋಣಿ. ಕಲ್ಲಿನ ಸದ್ದು, ಹಿಮದ ಸದ್ದು, ಯಾರು ಯಾವ ಕಡೆಯಿಂದ ಬಂದರು ಎಂಬುದು ನನಗೆ ಸ್ಪಷ್ಟ ತಿಳಿಯುತ್ತದೆ.

ಟಾಫ್ ಹುಟ್ಟು ಕುರುಡಿ. ಬರಿಗಾಲಿನಲ್ಲಿ ನೆಲದ ಕಂಪನ ಹಿಡಿದು ಎಲ್ಲವನ್ನೂ ‘ನೋಡುತ್ತಾಳೆ’. ಕುರುಡುತನವನ್ನು ಮಾಯಾಶಕ್ತಿಯಿಂದ ಅಳಿಸಿಹಾಕಿದರು ಎಂದು ಕೆಲವರು ದೂರುತ್ತಾರೆ, ಆ ದೂರಿನಲ್ಲಿ ಹುರುಳಿದೆ. ಆದರೆ ಅವಳಿಗೆ ಕಾಣದ ಜಾಗಗಳನ್ನು ಸರಣಿ ಮರೆಯುವುದಿಲ್ಲ. ಮರುಭೂಮಿಯ ಮರಳಿನಲ್ಲಿ ಅವಳಿಗೆ ಎಲ್ಲ ಮಸುಕು. ಆಪಾನ ಬೆನ್ನಿನ ಮೇಲೆ ಕೂತರೆ ಏನೂ ಇಲ್ಲ. ಹಿಮದ ಮೇಲೆ ಕಾಲಿಡಲು ಹೆದರುತ್ತಾಳೆ, ನೀರಿಗೆ ಬಿದ್ದರೆ ಈಜಲಾರಳು. ಗೆಳೆಯರು ಅವಳಿಗೆ ಓದಲು ಬರುವುದಿಲ್ಲ ಎನ್ನುವುದನ್ನು ಆಗಾಗ ಮರೆತು ಕಾಗದ ಹಿಡಿದು ತೋರಿಸುತ್ತಾರೆ, ಅವಳು ಅವರನ್ನು ಚುಡಾಯಿಸುತ್ತಾಳೆ. ನನ್ನ ಗೆಳತಿಯರೂ ದಿನಾ ಹೀಗೇ ಮೊಬೈಲ್ ಹಿಡಿದು ‘ಇದು ನೋಡೇ’ ಎನ್ನುತ್ತಾರೆ. ಅವರು ಮರೆಯುವುದು ನನಗೆ ಇಷ್ಟ.

ದೊಡ್ಡವರ ಲೆಕ್ಕ ಎಂದಿರಲ್ಲ, ಟಾಫ್‌ಳ ಅಪ್ಪನನ್ನೂ ಸೇರಿಸಿಕೊಳ್ಳಿ. ಅವಳು ಪೈಲ್ವಾನರ ಗುಂಪನ್ನೇ ಒಬ್ಬಳೇ ಮಣ್ಣುಮುಕ್ಕಿಸಿದ್ದನ್ನು ಕಣ್ಣಾರೆ ನೋಡುತ್ತಾನೆ. ನೋಡಿ ತೆಗೆದುಕೊಂಡ ತೀರ್ಮಾನ, ಇವಳಿಗೆ ಸ್ವಾತಂತ್ರ್ಯ ಜಾಸ್ತಿಯಾಗಿದೆ, ಹಗಲು ರಾತ್ರಿ ಕಾವಲು ಹಾಕಿ ಎಂದು. ಪ್ರೀತಿಯಿಂದಲೇ ಹೇಳುತ್ತಾನೆ. ಅಂಗವಿಕಲ ಮಕ್ಕಳ ಮನೆಗಳಲ್ಲಿ ಈ ದನಿ ಎಲ್ಲರಿಗೂ ಗೊತ್ತು. ಓಝಾಯ್ ಮುಖ ಸುಟ್ಟ, ಈ ಅಪ್ಪ ಬಾಗಿಲು ಹಾಕಿದ. ಎರಡೂ ಮಕ್ಕಳು ಮನೆ ಬಿಟ್ಟೇ ಬದುಕಬೇಕಾಯಿತು.


ನ್ಯೂಜೆರ್ಸಿ_ಕನ್ನಡತಿ

ಚರ್ಚೆ ಓದುತ್ತಾ ಕೂತವಳಿಗೆ ಅಡುಗೆ ಮರೆತುಹೋಯಿತು. ನನ್ನ ಮಗಳಿಗೆ ಎಂಟು ವರ್ಷ. ಶಾಲೆಯ ಗೆಳತಿಯರು ಹೇಳಿದ್ದಾರಂತೆ, ಅವಳಿಗೂ ನೋಡಬೇಕು. ನೀವೆಲ್ಲ ಬರೆದದ್ದು ಓದಿದರೆ ಇದು ಬರೀ ಯುದ್ಧ, ಸಾವು ಅನ್ನಿಸಿ ಸ್ವಲ್ಪ ಅಳುಕು. ತೋರಿಸಬಹುದಾ? ಎಲ್ಲಿಂದ ಶುರುಮಾಡಲಿ? ನಟರನ್ನು ಹಾಕಿ ಮಾಡಿದ 2024ರದ್ದು ನೋಡಿದರೆ ಸಾಲದಾ?


ಮಲ್ಲಿಗೆ_ಚಹಾ, ಮೈಸೂರು

ಖಂಡಿತ ತೋರಿಸಿ ಅಕ್ಕಾ, ಆದರೆ 2005ರ ಕಾರ್ಟೂನನ್ನೇ. ನಾವು ಗಂಭೀರ ಭಾಗಗಳನ್ನೇ ಎತ್ತಿ ಮಾತಾಡಿದ್ದರಿಂದ ಹಾಗೆ ಕಂಡಿದೆ. ಅರ್ಧಕ್ಕಿಂತ ಹೆಚ್ಚು ನಗುವೇ ಇದೆ. ಸೊಕ್ಕಾ ಒಬ್ಬನೇ ಸಾಕು.

ಮೊದಲ ಕಂತಿನಿಂದಲೇ ಕ್ರಮವಾಗಿ ನೋಡಿ. ಮೊದಲ ಭಾಗ ಎಳಸು, ಎರಡನೆಯದರಿಂದ ಶುರುಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ಹುಡುಗಾಟ ಇಲ್ಲದಿದ್ದರೆ ಮುಂದಿನದು ತಟ್ಟುವುದಿಲ್ಲ. ‘ದಿ ಗ್ರೇಟ್ ಡಿವೈಡ್’ ಎಂಬ ಕಂತು ಬಿಟ್ಟರೂ ನಷ್ಟವಿಲ್ಲ. ಮೂರನೇ ಕಂತಿಗೆ ಪಕ್ಕದಲ್ಲಿ ಕೂತಿರಿ. ಆಪಾ ಕಳೆದುಹೋಗುವ ಕಂತುಗಳಿಗೆ ಅಳು ಬರುತ್ತದೆ, ಅದು ಒಳ್ಳೆಯ ಅಳು.


ಕಡಲ_ಕರೆ, ಉಡುಪಿ

ಮೂರನೇ ಭಾಗದ ‘ದಿ ಪಪೆಟ್‌ಮಾಸ್ಟರ್’ ಮಾತ್ರ ಎಂಟಕ್ಕೆ ಬೇಡ. ಸೆರೆಯಲ್ಲಿ ನರಳಿದ ನೀರು ಕುಲದ ಅಜ್ಜಿಯೊಬ್ಬಳು ಮನುಷ್ಯರ ಮೈಯೊಳಗಿನ ರಕ್ತವನ್ನೇ ಹಿಡಿದು ಆಡಿಸುವ ಕತೆ. ನೊಂದವರೇ ಕ್ರೂರಿಗಳಾಗುವ ಬಗ್ಗೆ ಅದಕ್ಕಿಂತ ಚೆನ್ನಾಗಿ ಹೇಳಿದ್ದು ಕಡಿಮೆ. ಆದರೆ ನನ್ನ ತಂಗಿಯ ಮಗ ಹತ್ತು ವರ್ಷದವನು, ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಅದೊಂದನ್ನು ದೊಡ್ಡವಳಾದ ಮೇಲೆ ತೋರಿಸಿ, ಕತೆ ಎಲ್ಲೂ ಕಡಿಯುವುದಿಲ್ಲ.


ಹುಬ್ಬಳ್ಳಿ_ಮಂದಿ

ಅಕ್ಕಾರ, ಪೂರ್ತಿ ನೋಡಿ ಮುಗಿಸಿದ ಮ್ಯಾಲ ಆ ಸಿಂಹ-ಆಮಿ ಬಗ್ಗೆ ಮಗಳು ಏನಂದಳು ಅಂತ ಇಲ್ಲೇ ಬಂದು ಬರೀರಿ. ಆಕಿ ಮುಂದ ನಮ್ಮ ಯಾರದೂ ವಾದ ಇಡಬ್ಯಾಡ್ರಿ, ಸುಮ್ಮನ ಕೇಳ್ರಿ. ಮುಂಡಗೋಡದ ತಮ್ಮ ಹೇಳಿದ್ದು ನನ್ನ ತಲ್ಯಾಗ ಇನ್ನೂ ತಿರಗಾಕ್ಹತ್ತೇದ, ನಾಳೆ ‘ದಿ ಸದರ್ನ್ ಏರ್ ಟೆಂಪಲ್’ ಮತ್ತೊಮ್ಮೆ ನೋಡಾವಿದ್ದೇನಿ.